ಬಲ್ಲ, ಬಹುದು ಮತ್ತು ಆರೆಯ ಇಳಿಜಾರು

‘ಮೌಂಟನ್ ಬೈಕಿನಲ್ಲಿ ಎಷ್ಟು ವೇಗವಾಗಿ ಹೋಗಬಹುದು?’ ಹೊಸದಾಗಿ ಸೈಕಲ್ ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಕನ್ನಡದಲ್ಲಿ ಕೇಳಿದರೆ ಇದರೊಳಗೆ ಎರಡು ಪ್ರಶ್ನೆಗಳಿವೆ. ‘ಹೋಗಬಲ್ಲ’ ಎಂದರೆ ಬರೀ ತಾಕತ್ತು. ‘ಹೋಗಬಹುದು’ ಎಂಬುದರಲ್ಲಿ ಸಾಧ್ಯತೆಯೂ ಇದೆ, ಅನುಮತಿಯೂ ಇದೆ. ವೇಗದ ಹುಚ್ಚು ಹತ್ತಿದವರು ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಅಂಟಿಸಿಬಿಡುತ್ತಾರೆ.

ತಾಕತ್ತಿನ ಲೆಕ್ಕ ಸುಲಭ. ಫ್ರಾನ್ಸಿನ ಎರಿಕ್ ಬರೋನ್ 2017ರಲ್ಲಿ ವಾರ್ಸ್‌ನ ಹಿಮದ ಇಳಿಜಾರಿನಲ್ಲಿ ಗಂಟೆಗೆ 227 ಕಿ.ಮೀ. ದಾಟಿದರು. ಅದೇ ಬರೋನ್ 2002ರಲ್ಲಿ ನಿಕರಾಗುವಾದ ಜ್ವಾಲಾಮುಖಿ ಬೆಟ್ಟದಿಂದ 172 ಕಿ.ಮೀ. ವೇಗದಲ್ಲಿ ಇಳಿದಾಗ ಸೈಕಲ್ಲೇ ಮುರಿದು ತೀವ್ರವಾಗಿ ಗಾಯಗೊಂಡಿದ್ದರು. ಸಮತಟ್ಟು ರಸ್ತೆಯಲ್ಲಿ ಸಾಮಾನ್ಯ ಸವಾರನಿಗೆ ಗಂಟೆಗೆ 20 ಕಿ.ಮೀ. ದಾಟುವುದೇ ದೊಡ್ಡದು. ದಪ್ಪ ಟೈರು ನೆಲವನ್ನು ಹಿಡಿಯುತ್ತದೆ, ಗಾಳಿ ಎದೆಯನ್ನು ತಳ್ಳುತ್ತದೆ. ವೇಗ ಎರಡು ಪಟ್ಟಾಗಬೇಕಾದರೆ ಗಾಳಿಯನ್ನು ಸೀಳಲು ಎಂಟು ಪಟ್ಟು ಶಕ್ತಿ ಬೇಕು. ಹಾಗಾಗಿ 40 ಎಂಬುದು ಹೆಚ್ಚಿನವರಿಗೆ ಇಳಿಜಾರಿನಲ್ಲಿ ಮಾತ್ರ ಸಿಗುವ ಅಂಕಿ.

ಮುಂಬಯಿಯವರು ಆ ಇಳಿಜಾರನ್ನು ಹುಡುಕಿಕೊಂಡು ಬರುವುದು ಗೋರೆಗಾಂವ್‌ನ ಆರೆಗೆ. ನಗರದ ಎಮ್ಮೆ ಕೊಟ್ಟಿಗೆಗಳನ್ನು ಹೊರಗೆ ಸಾಗಿಸಲು 1949ರಲ್ಲಿ ಹುಟ್ಟಿದ ಹಾಲಿನ ಕಾಲೊನಿ ಅದು. ಅಲ್ಲಿ ಇಂದಿಗೂ ತಬೇಲಾಗಳಿವೆ, ವಾರ್ಲಿ ಮುಂತಾದ ಆದಿವಾಸಿಗಳ ಪಾಡಾಗಳಿವೆ, ಪಕ್ಕದ ರಾಷ್ಟ್ರೀಯ ಉದ್ಯಾನದಿಂದ ಬಂದುಹೋಗುವ ಚಿರತೆಗಳಿವೆ. ಸವಾರರಿಗೆ ‘ಟ್ರೇಲ್’ ಆಗಿರುವುದು ಪಾಡಾದವರಿಗೆ ಮನೆಯ ದಾರಿ.

ಈಗ ಬ್ರೇಕಿನ ಲೆಕ್ಕ ನೋಡಿ. ಎದುರಿಗಿರುವುದು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು ಎಂದಿಟ್ಟುಕೊಳ್ಳೋಣ. ಒಣ ರಸ್ತೆಯಲ್ಲಿ 20ರ ವೇಗದವನು ಸುಮಾರು 10 ಮೀಟರಿನಲ್ಲಿ ನಿಲ್ಲುತ್ತಾನೆ. 40ರವನಿಗೆ 26 ಮೀಟರಾದರೂ ಬೇಕು. ಮಳೆಗಾಲದ ಪಾಚಿಯ ಮೇಲೆ ಇನ್ನೂ ಹೆಚ್ಚು. ತಿರುವಿನಾಚೆ 15 ಮೀಟರಷ್ಟೇ ಕಾಣುವ ಕಡೆ 40ರಲ್ಲಿ ಇಳಿಯುವವನು ಆಚೆ ಯಾರೂ ಇಲ್ಲ ಎಂದು ಜೂಜಾಡುತ್ತಿದ್ದಾನೆ. ಪಣಕ್ಕಿಟ್ಟಿರುವುದು ನೀರು ಹೊತ್ತು ಬರುವ ಇನ್ನೊಬ್ಬರ ಕಾಲು.

‘ಕಾರು, ಬೈಕುಗಳನ್ನು ಬಿಟ್ಟು ಸೈಕಲ್ಲಿನವರ ಮೇಲೇಕೆ ಕೋಪ?’ ಎನ್ನುವವರಿದ್ದಾರೆ. ಕಾರು ಹೆಚ್ಚು ಅಪಾಯಕಾರಿ, ನಿಜ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ವೇಗಮಿತಿ ಕಾರಿಗಿದೆ, ಸೈಕಲ್ಲಿಗಿಲ್ಲ. ಕಾನೂನು ಸುಮ್ಮನಿರುವ ಕಡೆ ಸವಾರನ ವಿವೇಕವೇ ಕಾನೂನಾಗಬೇಕು. ಅದಾಗದಿದ್ದರೆ ಒಂದು ದಿನ ಗೇಟು ಬೀಳುತ್ತದೆ. ಆಗ ನಿಧಾನವಾಗಿ ಹೋಗುವವನಿಗೂ ದಾರಿ ಇರದು.

ಸೈಕಲ್ ಗುಂಪುಗಳು, ಆ್ಯಪ್‌ಗಳು ಮಾಡಬೇಕಾದ ಕೆಲಸ ಒಂದೇ: ಜನ ಓಡಾಡುವ ದಾರಿಯಲ್ಲಿ ಇಳಿಜಾರಿನ ಸಮಯಕ್ಕೆ ರ‍್ಯಾಂಕ್ ಕೊಡುವುದನ್ನು ನಿಲ್ಲಿಸುವುದು. ಪೈಪೋಟಿ ಬೇಕೆಂದರೆ ಏರು ಇದೆ. ಇಳಿಯುವಾಗಿನ ವೇಗದಲ್ಲಿ ಬಹುಪಾಲು ಭೂಮಿಯ ಸೆಳೆತದ್ದು. ಏರುವಾಗಿನ ವೇಗ ಮಾತ್ರ ಪೂರ್ತಿ ಸವಾರನದು, ಅದು ಯಾರನ್ನೂ ಕೆಡವುವುದೂ ಇಲ್ಲ. ಎಷ್ಟು ವೇಗವಾಗಿ ಹೋಗಬಲ್ಲೆ ಎಂಬುದನ್ನು ಅಲ್ಲಿ ತೋರಿಸಲಿ. ಎಷ್ಟು ವೇಗವಾಗಿ ಹೋಗಬಹುದು ಎಂಬುದನ್ನು ಮಾತ್ರ ಆ ದಾರಿಯಲ್ಲಿ ನಡೆಯುವವರನ್ನು ಕೇಳಬೇಕು.