ಹಡಗಿನ ಮೇಲೆ ಯಾರ ಹೆಸರು?



ನಮ್ಮ ನೌಕಾಪಡೆಯಲ್ಲೊಂದು ಡೆಸ್ಟ್ರಾಯರ್ ಇದೆ, ‘ಐಎನ್‌ಎಸ್ ಮೈಸೂರು’. 1999ರಲ್ಲಿ ಸೇರಿದ್ದು. ಊರಿನ ಹೆಸರು. ಸತ್ತ ಸಿಪಾಯಿಯ ಹೆಸರನ್ನು ಹಡಗಿಗೆ ಇಡೋ ರೂಢಿ ಅಮೆರಿಕದ್ದು.

ಅಲ್ಲಿ ಡೋರಿಸ್ ಮಿಲ್ಲರ್ ಅಂತ ಒಬ್ಬನಿದ್ದ. ಆಗ ಕಪ್ಪು ಜನರಿಗೆ ಹಡಗಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಅಡಿಗೆಮನೆ, ಎಂಜಲು ತಟ್ಟೆ. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಕೊಳೆಬಟ್ಟೆ ಒಟ್ಟುಮಾಡುತ್ತಿದ್ದವನು, ಯಾರೂ ಕಲಿಸದ ಮೆಷಿನ್‌ಗನ್ ಹಿಡಿದು ವಿಮಾನಗಳಿಗೆ ಗುಂಡು ಹಾರಿಸಿದ. 1943ರಲ್ಲಿ ಸಮುದ್ರದಲ್ಲೇ ಸತ್ತ. ಯುದ್ಧನೌಕೆಗೆ ಅವನ ಹೆಸರು ಬಂದದ್ದು 1973ರಲ್ಲಿ. ಮೂವತ್ತು ವರ್ಷ ಕಣ್ರಪ್ಪ!

ನಮ್ಮ ಕೋರೆಗಾಂವ್ ಕಥೆ ಇನ್ನೂ ಕಹಿ. 1818ರಲ್ಲಿ ಮಡಿದ ಮಹಾರ್ ಸಿಪಾಯಿಗಳ ಹೆಸರನ್ನು ಕಲ್ಲಲ್ಲಿ ಕೆತ್ತಿಸಿದ ಬ್ರಿಟಿಷರೇ, ಆ ಶತಮಾನ ಮುಗಿಯೋ ಮೊದಲು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಬಳಿ ಹೋದದ್ದು ಬರೀ ಕೈಮುಗಿಯೋಕಲ್ಲ. ಹೆಸರು ಕೆತ್ತಿದವರು ಬಾಗಿಲು ಯಾಕೆ ಹಾಕಿದಿರಿ ಎಂಬ ಪ್ರಶ್ನೆಯೂ ಜೊತೆಗಿತ್ತು.

ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸತ್ತರು. ನಾವೆಲ್ಲ ಅತ್ತೆವು. ಮೂರೇ ವರ್ಷಕ್ಕೆ, 2022ರಲ್ಲಿ, ಅಗ್ನಿಪಥ ಬಂತು: ನಾಲ್ಕು ವರ್ಷ ದುಡಿಮೆ, ನೂರಕ್ಕೆ 25 ಜನರಿಗಷ್ಟೆ ಮುಂದುವರಿಕೆ, ಉಳಿದವರಿಗೆ ಪಿಂಚಣಿಯಿಲ್ಲ. ಮಂಡ್ಯ, ಮಳವಳ್ಳಿ ಹಾಸ್ಟೆಲುಗಳಿಂದ ಸೈನ್ಯದ ಕನಸು ಹೊತ್ತು ನಸುಕಿಗೇ ಎದ್ದು ಓಡೋ ಹುಡುಗರೆ, ಹಡಗಿಗೆ ಹೆಸರು ಆಮೇಲಾಯ್ತು. ಉಳಿದ 75 ಜನ ಎಲ್ಲಿಗೆ ಹೋಗಬೇಕು ಅಂತ ಮೊದಲು ಕೇಳೋಣ.