ಕನ್ನಡಿಯೊಳಗಿನ ಗಂಟು

ಮನೆಯ ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಹಾಕಿಸಿ 'ಮಿರರ್' ಮಾಡಿಸಿಬಿಟ್ಟರೆ ಫೋಟೋಗಳು, ಮಕ್ಕಳ ಪ್ರಾಜೆಕ್ಟ್‌ಗಳು ಎಂದೂ ಕಳೆಯುವುದಿಲ್ಲವಂತೆ, ಹೌದೇ? ಪೋಷಕರು ಹೀಗೆ ಕೇಳುವುದುಂಟು. ಅದು ಅರ್ಧ ನಿಜ. ಯಾವ ಅರ್ಧ ಎಂಬುದನ್ನು ನೋಡೋಣ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳಿವೆ. ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. 7200ನ್ನು 60ರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 120 ಸುತ್ತು! ಓದುವ-ಬರೆಯುವ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಇಂಥ ಯಂತ್ರ ಒಂದಲ್ಲ ಒಂದು ದಿನ ಕೆಡುವುದೇ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೂ ಆಯುಷ್ಯದ ಮಿತಿ ಇದೆ.

ಆದ್ದರಿಂದ ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಪದ್ಧತಿ ಬಂತು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬವರು ಅಗ್ಗದ ಡಿಸ್ಕುಗಳನ್ನು ಜೋಡಿಸುವ ಬಗೆಗಳನ್ನು ವರ್ಗೀಕರಿಸಿ 'ರೇಡ್' ಎಂದು ಕರೆದರು. ಅಷ್ಟರಲ್ಲಾಗಲೇ ಬಳಕೆಯಲ್ಲಿದ್ದ ಕನ್ನಡಿ ಜೋಡಿಗೆ ಅಲ್ಲಿ ಒಂದನೆಯ ಸ್ಥಾನ. ಅದೇ ರೇಡ್ 1. ಎರಡು ಡಿಸ್ಕುಗಳಿದ್ದರೂ ನಮಗೆ ಕಾಣುವುದು ಒಂದೇ. ಒಂದು ಟೆರಾಬೈಟಿನ ಎರಡನ್ನು ಕೊಂಡರೆ ಸಿಗುವ ಜಾಗ ಒಂದೇ ಟೆರಾಬೈಟು. ಗಾದೆಯ ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ. ಈ ಕನ್ನಡಿಯ ಗಂಟಾದರೋ ಅಸಲಿನಷ್ಟೇ ಗಟ್ಟಿ. ಒಂದು ಡಿಸ್ಕು ಸತ್ತರೆ ಇನ್ನೊಂದರಿಂದ ಕೆಲಸ ನಡೆದೇ ಹೋಗುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ 2 ಎಂದಿಟ್ಟುಕೊಳ್ಳಿ. ಎರಡೂ ಅದೇ ವರ್ಷ ಕೆಡುವ ಸಂಭವ 2/100 × 2/100, ಅಂದರೆ 10,000ಕ್ಕೆ 4. ಎಷ್ಟು ನೆಮ್ಮದಿ! ಆದರೆ ಈ ಗುಣಾಕಾರ ಸ್ವತಂತ್ರ ಘಟನೆಗಳಿಗೆ ಮಾತ್ರ ಸಲ್ಲುತ್ತದೆ. ನಿಮ್ಮ ಎರಡು ಡಿಸ್ಕುಗಳು ಒಂದೇ ದಿನ ಕೊಂಡವು, ಒಂದೇ ಪೆಟ್ಟಿಗೆಯ ಬಿಸಿಯಲ್ಲಿ ಕುಳಿತಿರುವವು, ಒಂದೇ ತಂತಿಯ ವಿದ್ಯುತ್ ಉಣ್ಣುವವು. ಸಿಡಿಲು ಬಡಿದರೆ ಅಥವಾ ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ 10,000ಕ್ಕೆ 4 ಎಂಬ ಲೆಕ್ಕ ಎಲ್ಲಿ ಉಳಿಯಿತು?

ಇನ್ನೊಂದು ಅಪಾಯ ಮೌನದ್ದು. ಒಂದು ಡಿಸ್ಕು ಕೆಟ್ಟಾಗ ಕಂಪ್ಯೂಟರು ಕುಂಟುವುದೂ ಇಲ್ಲ. ಎಚ್ಚರಿಕೆಯ ಸಂದೇಶ ಬಂದರೆ ಮಕ್ಕಳು 'ಓಕೆ' ಒತ್ತಿ ಆಟಕ್ಕೆ ಹೋಗುತ್ತಾರೆ. ತಿಂಗಳುಗಟ್ಟಲೆ ಒಂಟಿ ಡಿಸ್ಕಿನಲ್ಲೇ ಸಂಸಾರ ಸಾಗಿ, ಅದೂ ಕೆಟ್ಟ ದಿನವೇ ಮನೆಯವರಿಗೆ ತಿಳಿಯುವುದು. ತಿಂಗಳಿಗೊಮ್ಮೆಯಾದರೂ ಜೋಡಿಯ ಸ್ಥಿತಿ ತೋರಿಸುವ ಪರದೆಯನ್ನು ತೆರೆದು ನೋಡಿ. ಪ್ರತಿ ಡಿಸ್ಕಿನ ಮೇಲಿರುವ ಕ್ರಮಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನೇ ಕಿತ್ತುಹಾಕುವ ರಿಪೇರಿಗಳೂ ಆಗುತ್ತವೆ! ಹೊಸ ಡಿಸ್ಕು ಹಾಕಿದ ಮೇಲೆ ಉಳಿದದ್ದರಿಂದ ಎಲ್ಲವೂ ಅದಕ್ಕೆ ನಕಲಾಗಬೇಕು. ಎರಡು ಟೆರಾಬೈಟು, ಸೆಕೆಂಡಿಗೆ 150 ಮೆಗಾಬೈಟಿನಂತೆ ಹರಿದರೂ ಮೂರೂಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋಗದಂತೆ ಯುಪಿಎಸ್ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಹೆಸರಿನಲ್ಲೇ ಇದೆ. ನೀವು ಹುಬ್ಬು ಗಂಟಿಕ್ಕಿದರೆ ಕನ್ನಡಿಯೂ ಆ ಕ್ಷಣವೇ ಗಂಟಿಕ್ಕುತ್ತದೆ. ಮಗಳು ಕೈತಪ್ಪಿ ಅಜ್ಜಿಯ ಫೋಟೋಗಳನ್ನು ಅಳಿಸಿದರೆ ಎರಡೂ ಡಿಸ್ಕುಗಳಿಂದ ಒಟ್ಟಿಗೇ ಅಳಿಯುತ್ತವೆ. ವೈರಸ್ ಒಂದರ ಕಡತ ಕೆಡಿಸಿದರೆ ಇನ್ನೊಂದರಲ್ಲೂ ಕೆಟ್ಟ ಕಡತವೇ ಇರುತ್ತದೆ. ಕನ್ನಡಿಗೆ ನಿನ್ನೆಯ ನೆನಪಿಲ್ಲ.

ನಿನ್ನೆಯದು ಬೇಕಿದ್ದರೆ ಬೇರೆಯೇ ಒಂದು ಪ್ರತಿ ಬೇಕು. ಹಣ ಒಂದು ಹೆಚ್ಚುವರಿ ಡಿಸ್ಕಿಗೆ ಮಾತ್ರ ಇದ್ದರೆ ಕನ್ನಡಿ ಜೋಡಿಯನ್ನು ಬಿಡಿ, ಹೊರಗಿನಿಂದ ಸಿಕ್ಕಿಸುವ ಡಿಸ್ಕನ್ನೇ ಕೊಳ್ಳಿ ಎನ್ನುತ್ತೇನೆ. ವಾರಕ್ಕೊಮ್ಮೆ ನಕಲು ಮಾಡಿ. ಹಳೆಯ ನಕಲನ್ನು ಅಳಿಸದೆ ತಾರೀಖು ಹಾಕಿ ಇಡಿ. ಕೆಲಸ ಮುಗಿದೊಡನೆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲೋ, ಸಾಧ್ಯವಾದರೆ ಅತ್ತೆಯ ಮನೆಯಲ್ಲೋ ಇಡಿ. ಆಗೀಗ ಅದರಿಂದ ಒಂದು ಫೋಟೋ ತೆರೆದು ನೋಡಿ.