‘ಸೆಟ್ಟೇ ಚೇಂಜ್ ಮಾಡ್ಸಿ’ ಅನ್ನೋ ಮಾತಿಗೆ ನನ್ನ ತಕರಾರು

ಭಾಗ 1/7

ಎಂಟಿಬಿ ಇಟ್ಕೊಂಡಿರೋರು ಒಂದಲ್ಲ ಒಂದು ದಿನ ಕೇಳೋ ಡೈಲಾಗ್ ಇದು: “ಹೈಡ್ರಾಲಿಕ್ ಬ್ರೇಕ್ ಲೀಕ್ ಆಗಿದೆ, ರಿಪೇರಿ ಆಗಲ್ಲ, ಸೆಟ್ಟೇ ಚೇಂಜ್ ಮಾಡ್ಸಿ.” ಅಂದ್ರೆ ಲಿವರ್, ಹೋಸ್, ಕ್ಯಾಲಿಪರ್ ಮೂರೂ ಹೊಸದು. ಎಲ್ಲಿಂದ ಲೀಕ್ ಆಗ್ತಿದೆ ಅಂತ ತಿರುಗಿ ಕೇಳಿ ನೋಡಿ. ಎಷ್ಟೋ ಸಲ ಉತ್ತರ ಇರಲ್ಲ. ಯಾಕಂದ್ರೆ ಯಾರೂ ನೋಡೇ ಇರಲ್ಲ.

ಲೀಕ್ ಅನ್ನೋದು ಬರೀ ಲಕ್ಷಣ. ಜ್ವರ ಬಂತು ಅಂತ ಮನುಷ್ಯನ್ನೇ ಬದಲಾಯಿಸ್ತಾರಾ? ಮೊದಲು ಜ್ವರ ಯಾಕೆ ಬಂತು ಅಂತ ನೋಡ್ತಾರೆ.

ನನ್ನ ವಾದ ಇಷ್ಟೇ. ಈ ಬ್ರೇಕ್ ಸೋರೋಕೆ ಮುಖ್ಯವಾಗಿ ನಾಲ್ಕು ಜಾಗ ಇವೆ. ಎರಡನ್ನ ಮನೇಲಿ ಕೂತು ಸರಿ ಮಾಡ್ಬಹುದು. ಇನ್ನೆರಡನ್ನೂ ಮಾಡ್ಬಹುದಿತ್ತು, ಆದ್ರೆ ಬೆರಳಿನ ಉಂಗುರದಷ್ಟಿರೋ ಒಂದು ರಬ್ಬರ್ ಸೀಲ್ ನಮಗೆ ಬಿಡಿಯಾಗಿ ಸಿಗಲ್ಲ. ಮೊದಲನೇದು ನಾವು ಕಲಿಬೇಕಾದ ವಿಷ್ಯ. ಎರಡನೇದು ನಾವು ಜಗಳ ಆಡಬೇಕಾದ ವಿಷ್ಯ.

ಸೇವ್ ಮಾಡ್ಕೊಳ್ಳಿ, ಸ್ವಲ್ಪ ಉದ್ದ ಇದೆ.

ಭಾಗ 2/7

ಒಳಗೆ ಏನಿದೆ ಅಂತ ಗೊತ್ತಾದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ.

ಲಿವರ್ ಒತ್ತಿದ್ರೆ ಅದರೊಳಗಿನ ಸಣ್ಣ ಪಿಸ್ಟನ್ ಎಣ್ಣೆನ ತಳ್ಳುತ್ತೆ. ಎಣ್ಣೆ ಕುಗ್ಗೋ ವಸ್ತು ಅಲ್ಲ. ಹಾಗಾಗಿ ಆ ಒತ್ತಡ ಹೋಸ್ ಒಳಗೆ ಸಾಗಿ ಕ್ಯಾಲಿಪರ್‌ನ ದೊಡ್ಡ ಪಿಸ್ಟನ್‌ಗಳನ್ನ ಮುಂದಕ್ಕೆ ನೂಕುತ್ತೆ, ಅವು ಪ್ಯಾಡ್‌ಗಳನ್ನ ರೋಟರ್‌ಗೆ ಅಮುಕ್ತವೆ. ಸ್ಕೂಲಲ್ಲಿ ಓದಿದ ಪಾಸ್ಕಲ್ ನಿಯಮ, ಅಷ್ಟೇ. ಪ್ರತಿ ಕ್ಯಾಲಿಪರ್ ಪಿಸ್ಟನ್ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತೆ. ಬ್ರೇಕ್ ಹಿಡಿದಾಗ ಅದು ಚೂರು ಸೊಟ್ಟ ಆಗುತ್ತೆ, ಬಿಟ್ಟಾಗ ನೆಟ್ಟಗಾಗ್ತಾ ಪಿಸ್ಟನ್‌ನೂ ಹಿಂದಕ್ಕೆ ಎಳ್ಕೊಳ್ಳುತ್ತೆ. ಎಣ್ಣೆ ತಡೆಯೋದೂ ಅದೇ, ಪಿಸ್ಟನ್ ವಾಪಸ್ ತರೋದೂ ಅದೇ.

ಈಗ ಸೋರೋ ನಾಲ್ಕು ಜಾಗ:

1. ಲಿವರ್‌ಗೆ ಹೋಸ್ ಸೇರೋ ಜಾಯಿಂಟ್. ಇಲ್ಲಿ ಹಿತ್ತಾಳೆಯ ಸಣ್ಣ ಬಳೆ ಥರದ ಆಲಿವ್ ಇರುತ್ತೆ. ನಟ್ ಬಿಗಿ ಮಾಡಿದಾಗ ಅದು ಜಜ್ಜಿ ಹೋಸ್‌ನ ಕಚ್ಚಿ ಹಿಡಿಯುತ್ತೆ. ಒಂದು ಸಲ ಮಾತ್ರ ಬಳಸೋ ವಸ್ತು ಅದು.
2. ಕ್ಯಾಲಿಪರ್ ಹತ್ರ ಇರೋ ಬ್ಲೀಡ್ ನಿಪ್ಪಲ್, ಇಲ್ಲಾ ಬ್ಯಾಂಜೋ ಬೋಲ್ಟ್‌ನ ಓ-ರಿಂಗ್.
3. ಲಿವರ್ ಒಳಗಿನ ಪಿಸ್ಟನ್ ಸೀಲ್.
4. ಕ್ಯಾಲಿಪರ್ ಪಿಸ್ಟನ್ ಸೀಲ್.

1 ಮತ್ತು 2 ನಮ್ಮ ಕೈಲಿ. 3 ಮತ್ತು 4ರ ಕಥೆ ಆರನೇ ಭಾಗದಲ್ಲಿ.

ಭಾಗ 3/7

ಪತ್ತೆ ಮಾಡೋಕೆ ಬೇಕಾಗಿರೋದು ಐಸೋಪ್ರೊಪೈಲ್ ಆಲ್ಕೋಹಾಲ್, ಬಿಳಿ ಟಿಶ್ಯೂ, ಒಂದು ಗಟ್ಟಿ ರಬ್ಬರ್ ಬ್ಯಾಂಡ್. ಅಷ್ಟೇ ಸಾಕು.

ಲಿವರ್‌ನಿಂದ ಕ್ಯಾಲಿಪರ್‌ವರೆಗೆ ಎಲ್ಲಾ ಒರೆಸಿ ಒಣಗಿಸಿ. ಹಳೇ ಎಣ್ಣೆ ಇದ್ರೆ ಹೊಸ ಲೀಕ್ ಕಾಣಲ್ಲ. ಜಾಯಿಂಟ್‌ಗಳ ಸುತ್ತ ಟಿಶ್ಯೂ ಸುತ್ತಿ, ಲಿವರ್‌ನ ಸಂದಿ ಕೆಳಗೂ ಒಂದು ಇಡಿ. ಚಕ್ರ ಅದರ ಜಾಗದಲ್ಲೇ ಇರಲಿ. ಲಿವರ್ ಗಟ್ಟಿಯಾಗಿ ಒತ್ತಿ, ಹ್ಯಾಂಡಲ್‌ಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯೆಲ್ಲಾ ಬಿಡಿ. ಬೆಳಗ್ಗೆ ಯಾವ ಟಿಶ್ಯೂ ಒದ್ದೆ ಆಗಿದೆಯೋ ಅದೇ ನಿಮ್ಮ ಉತ್ತರ.

ಎಲ್ಲಾ ಟಿಶ್ಯೂ ಒಣಗಿದ್ದೂ ಪ್ಯಾಡ್ ಮಾತ್ರ ಎಣ್ಣೆಯಾಗಿದ್ರೆ ಕ್ಯಾಲಿಪರ್ ಪಿಸ್ಟನ್ ಮೇಲೆ ಅನುಮಾನ ಪಡಿ. ಪ್ಯಾಡ್ ತೆಗೆದು ಪಿಸ್ಟನ್ ಸುತ್ತ ಒರೆಸಿ, ಬ್ಲೀಡ್ ಬ್ಲಾಕ್ ಹಾಕಿ, ಲಿವರ್ ಒತ್ತಿ ನೋಡಿ. ಬ್ಲಾಕ್ ಇಲ್ಲದೆ ಒತ್ತಬೇಡಿ, ಪಿಸ್ಟನ್ ಆಚೆ ಬಂದ್ಬಿಡುತ್ತೆ.

ಒಂದು ಎಚ್ಚರಿಕೆ: ಚೈನ್‌ಗೆ ಸ್ಪ್ರೇ ಹೊಡಿಯುವಾಗ ರೋಟರ್ ಮೇಲೆ ಬಿದ್ದ ಎಣ್ಣೇನೂ ಲೀಕ್ ಥರಾನೇ ಕಾಣುತ್ತೆ. ಬ್ರೇಕ್ ಕಿರುಚುತ್ತೆ, ಹಿಡಿಯಲ್ಲ. ಈ ಟೆಸ್ಟ್ ಮಾಡದೆ ‘ಸೆಟ್ ಹೋಯ್ತು’ ಅಂತ ತೀರ್ಪು ಕೊಡೋದು, ಉತ್ತರ ಪತ್ರಿಕೆ ಬಿಚ್ಚಿ ನೋಡದೆ ಫೇಲ್ ಮಾಡಿದ ಹಾಗೆ.

ಭಾಗ 4/7

ಈಗ ರಿಪೇರಿ. ಉದಾಹರಣೆಗೆ ಮಿನರಲ್ ಆಯಿಲ್ ಬಳಸೋ, ಲಿವರ್ ಮೇಲೆ ಫನಲ್ ಕೂರಿಸೋ ಶಿಮಾನೋ ಥರದ ಬ್ರೇಕ್ ತಗೊಳ್ಳೋಣ.

ಲಿವರ್ ಜಾಯಿಂಟ್ ಸೋರ್ತಿದ್ರೆ: ನಟ್ ಬಿಚ್ಚಿ. ಹೋಸ್‌ನ ಹಳೇ ತುದಿಯನ್ನ ಹೊಸ ಬ್ಲೇಡ್‌ನಲ್ಲಿ ನೇರವಾಗಿ ಕತ್ತರಿಸಿ, ಓರೆ ಬಂದ್ರೆ ಮತ್ತೆ ಸೋರುತ್ತೆ. ಕತ್ತರಿಸೋ ಮುಂಚೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಉದ್ದ ಸಾಕಾಗುತ್ತಾ ನೋಡ್ಕೊಳ್ಳಿ. ಮೊದಲು ನಟ್, ಆಮೇಲೆ ಹೊಸ ಆಲಿವ್ ಹೋಸ್‌ಗೆ ಏರಿಸಿ. ತುದಿಗೆ ಹೊಸ ಇನ್ಸರ್ಟ್ ಬಡಿದು ಕೂರಿಸಿ. ಹೋಸ್‌ನ ಲಿವರ್ ಒಳಗೆ ಪೂರ್ತಿ ತಳ್ಳಿ ಹಿಡ್ಕೊಂಡೇ ನಟ್ ಬಿಗಿ ಮಾಡಿ: 5ರಿಂದ 7 ನ್ಯೂಟನ್ ಮೀಟರ್. ಆಲಿವ್ ಮತ್ತು ಇನ್ಸರ್ಟ್ ನಿಮ್ಮ ಹೋಸ್ ಮಾದರಿಗೇ ಹೊಂದಬೇಕು. ಶಿಮಾನೋದಲ್ಲೇ ಬಿಎಚ್59, ಬಿಎಚ್90 ಅಂತ ಬೇರೆ ಬೇರೆ ಇವೆ, ಹೋಸ್ ಮೇಲೇ ಬರೆದಿರುತ್ತೆ.

ನಿಪ್ಪಲ್ ಸೋರ್ತಿದ್ರೆ: ಬಿಚ್ಚಿ, ಕೂರೋ ಜಾಗದ ಕೊಳೆ ಒರೆಸಿ ವಾಪಸ್ ಹಾಕಿ, 4ರಿಂದ 6 ನ್ಯೂಟನ್ ಮೀಟರ್. ಬ್ಯಾಂಜೋ ಆಗಿದ್ರೆ ಓ-ರಿಂಗ್ ಹೊಸದು ಹಾಕಿ.

ಆಮೇಲೆ ಬ್ಲೀಡಿಂಗ್, ಅಂದ್ರೆ ಗಾಳಿ ತೆಗೆಯೋದು. ಚಕ್ರ, ಪ್ಯಾಡ್ ತೆಗೆದು ದೂರ ಇಡಿ. ಬ್ಲೀಡ್ ಬ್ಲಾಕ್ ಹಾಕಿ, ಲಿವರ್ ಸಮತಟ್ಟಾಗಿ ತಿರುಗಿಸಿ, ಫನಲ್ ಕೂರಿಸಿ. ಕೆಳಗೆ ನಿಪ್ಪಲ್‌ಗೆ ಸಿರಿಂಜ್ ಹಾಕಿ ಎಣ್ಣೆನ ನಿಧಾನಕ್ಕೆ ಮೇಲಕ್ಕೆ ತಳ್ಳಿ. ಫನಲ್‌ನಲ್ಲಿ ಗುಳ್ಳೆ ಬರೋದು ನಿಲ್ಲೋವರೆಗೂ. ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಬಿಡ್ತಾ ಹೋಸ್‌ಗೂ ಕ್ಯಾಲಿಪರ್‌ಗೂ ಮೆಲ್ಲಗೆ ತಟ್ಟಿ, ಅಡಗಿರೋ ಗುಳ್ಳೆ ಮೇಲೆ ಬರುತ್ತೆ. ಲಿವರ್ ಕಲ್ಲಿನ ಹಾಗೆ ಗಟ್ಟಿ ಅನ್ನಿಸಿದ್ರೆ ಮುಗೀತು.

ಎಣ್ಣೆ ಕುಡಿದ ಪ್ಯಾಡ್‌ನ ಎಸೆದು ಹೊಸದು ಹಾಕಿ. ಗ್ಯಾಸ್ ಸ್ಟವ್ ಮೇಲೆ ಸುಡೋ ವಿಡಿಯೋ ನೋಡಿ ಅಮ್ಮನ ಕೈಲಿ ಬೈಸ್ಕೊಬೇಡಿ. ರೋಟರ್‌ನ ಆಲ್ಕೋಹಾಲ್‌ನಲ್ಲಿ ಒರೆಸಿ. ಉಳಿದ ಹಳೇ ಎಣ್ಣೆನ ಚರಂಡಿಗೆ ಸುರೀಬೇಡಿ, ಬಾಟಲಿಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ಗೆ ಕೊಡಿ.

ಭಾಗ 5/7

ಇನ್ನೊಂದು ಪಾರ್ಟಿ ಇದೆ. “ಗುರು, ಸೆಟ್ಟೂ ಬೇಡ ಗಿಟ್ಟೂ ಬೇಡ, ಚೂರು ಎಂ-ಸೀಲ್ ಮೆತ್ತು, ಒಳಗೆ ಯಾವುದಾದ್ರೂ ಎಣ್ಣೆ ಹಾಕು” ಅನ್ನೋರು. ‘ಸೆಟ್ ಚೇಂಜ್’ ಅನ್ನೋರಿಗಿಂತ ಇವರ ಮೇಲೆ ನನಗೆ ಸಿಟ್ಟು ಜಾಸ್ತಿ. ಅವರು ನಿಮ್ಮ ದುಡ್ಡು ತಗೋತಾರೆ, ಇವರು ನಿಮ್ಮ ಹಲ್ಲು ತಗೋತಾರೆ.

ಟೆಫ್ಲಾನ್ ಟೇಪ್, ಗೋಂದು, ಎಂ-ಸೀಲ್ ಇವೆಲ್ಲಾ ನಲ್ಲಿ ಪೈಪ್‌ಗೆ ಸರಿ. ಬ್ರೇಕ್ ಹಿಡಿದಾಗ ಹೋಸ್ ಒಳಗೆ ಆಗೋ ಒತ್ತಡ ನಲ್ಲಿ ನೀರಿನದ್ದಲ್ಲ.

ಎಣ್ಣೆ ವಿಷ್ಯ ಇನ್ನೂ ಗಂಭೀರ. ಬ್ರೇಕ್‌ಗಳಲ್ಲಿ ಎರಡು ಜಾತಿ: ಮಿನರಲ್ ಆಯಿಲ್ ಮತ್ತು ಡಾಟ್ ಫ್ಲೂಯಿಡ್. ಒಂದರ ಸೀಲ್ ಇನ್ನೊಂದಕ್ಕೆ ಆಗಲ್ಲ, ಊದಿಕೊಂಡು ಹಾಳಾಗುತ್ತೆ. ಅಂದ್ರೆ ತಪ್ಪು ಎಣ್ಣೆ ಹಾಕಿದ್ರೆ ಸಣ್ಣ ಲೀಕ್ ಇದ್ದ ಬ್ರೇಕ್ ನಿಜಕ್ಕೂ ಸೆಟ್ ಚೇಂಜ್‌ಗೇ ಬರುತ್ತೆ. ಬ್ರ್ಯಾಂಡ್ ನೋಡಿ ಊಹೆ ಮಾಡೋ ಹಾಗೂ ಇಲ್ಲ. ಸ್ರ್ಯಾಮ್‌ನ ಗೈಡ್, ಕೋಡ್ ಸರಣಿಗಳಿಗೆ ಡಾಟ್ 5.1, ಅದೇ ಕಂಪನಿಯ ಮೇವನ್‌ಗೆ ಮಿನರಲ್ ಆಯಿಲ್. ಲಿವರ್ ಮೇಲೆ ಏನು ಬರೆದಿದೆಯೋ ಅದೇ ಅಂತಿಮ.

ಡಾಟ್ ಫ್ಲೂಯಿಡ್ ಗಾಳಿಯಲ್ಲಿರೋ ನೀರಿನಂಶ ಹೀರಿಕೊಳ್ಳುತ್ತೆ. ಹೊಸ ಡಾಟ್ 5.1 ಕನಿಷ್ಠ 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ, ನೀರು ಸೇರಿದ್ಮೇಲಿನ ಮಿತಿ 180. ಹಾಗಾಗಿ ವರ್ಷಗಟ್ಟಲೆ ತೆರೆದಿಟ್ಟ ಬಾಟಲಿಯದ್ದು ಬೇಡ. ಅದು ಬಣ್ಣಾನೂ ಕಿತ್ತುಹಾಕುತ್ತೆ. ಗ್ಲೌಸ್ ಹಾಕ್ಕೊಳ್ಳಿ.

ಕೊಬ್ಬರಿ ಎಣ್ಣೆ ಹಾಕ್ಬಹುದಾ ಅಂತ ಕೇಳೋರಿಗೆ: ಡಿಸೆಂಬರ್ ಬೆಳಗ್ಗೆ ನಿಮ್ಮನೆ ಬಚ್ಚಲಲ್ಲಿರೋ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗೆ ಮಾಡಿ ನೋಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತೆ. ನಿಮ್ಮ ಬ್ರೇಕ್ ಹೋಸ್ ಒಳಗೆ ಅದು ಆಗ್ಲಿ ಅಂತೀರಾ?

ಭಾಗ 6/7

ಈಗ ಅಸಲಿ ಜಗಳ.

3 ಮತ್ತು 4ನೇ ಜಾಗದ ಲೀಕ್‌ಗೆ ಬೇಕಾಗಿರೋದು ರಬ್ಬರ್ ಸೀಲ್ ಮಾತ್ರ. ಇಂಗ್ಲೆಂಡಿನ ಹೋಪ್ ಕಂಪನಿ ತನ್ನ ಬ್ರೇಕ್‌ಗಳ ಸೀಲ್‌ಗಳನ್ನ ಬಿಡಿಯಾಗಿ ಮಾರುತ್ತೆ. ಸ್ರ್ಯಾಮ್ ಹಲವು ಮಾದರಿಗಳಿಗೆ ಲಿವರ್ ಮತ್ತು ಕ್ಯಾಲಿಪರ್ ಕಿಟ್ ಕೊಡುತ್ತೆ. ಜಗತ್ತಿನ ಅತಿ ದೊಡ್ಡ ಬ್ರೇಕ್ ಕಂಪನಿಗಳಲ್ಲಿ ಒಂದಾದ ಶಿಮಾನೋ ಮಾತ್ರ ಕ್ಯಾಲಿಪರ್ ಪಿಸ್ಟನ್ ಸೀಲ್‌ನ ಬಿಡಿಭಾಗವಾಗಿ ಮಾರಲ್ಲ. ಅದು ಸೋರಿದ್ರೆ ಇಡೀ ಕ್ಯಾಲಿಪರ್ ಕಸಕ್ಕೆ.

ಇದು ಅಸಾಧ್ಯವಾದ ಕೆಲಸ ಅಂತೀರಾ? ರಸ್ತೆ ಬದಿಯ ಯಾವುದಾದ್ರೂ ಟೂ ವೀಲರ್ ಸ್ಪೇರ್ಸ್ ಅಂಗಡಿಗೆ ಹೋಗಿ. ಡಿಸ್ಕ್ ಬ್ರೇಕ್ ಇರೋ ಮಾಮೂಲಿ ಬೈಕ್‌ಗೆ ಮಾಸ್ಟರ್ ಸಿಲಿಂಡರ್ ಕಿಟ್ ಕೊಡಿ, ಕ್ಯಾಲಿಪರ್ ಸೀಲ್ ಕಿಟ್ ಕೊಡಿ ಅನ್ನಿ. ಡಬ್ಬದಿಂದ ತೆಗೆದು ಕೊಡ್ತಾರೆ. ಮೆಕ್ಯಾನಿಕ್ ಹಾಕಿ ಕೊಡ್ತಾರೆ. ಇಬ್ಬರು ಕೂತು ಹೈವೇಲಿ ಹೋಗೋ ಗಾಡಿಗೆ ಇದು ಸರಿ, ಆದ್ರೆ ಹದಿನೈದು ಕೆಜಿ ಸೈಕಲ್‌ಗೆ ‘ಸೇಫ್ಟಿ’ ಅಡ್ಡ ಬರುತ್ತಾ?

ಬಿಕಾಂ ಕ್ಲಾಸಲ್ಲಿ ಕೂತಿರೋರಿಗೆ ಒಂದು ಮಾತು. ಕಂಪನೀಸ್ ಆ್ಯಕ್ಟ್ 2013ರ ಶೆಡ್ಯೂಲ್ 2 ಏನು ಹೇಳುತ್ತೆ? ಆಸ್ತಿಯ ಒಂದು ಭಾಗದ ಬೆಲೆ ದೊಡ್ಡದಿದ್ದು ಅದರ ಆಯಸ್ಸು ಬೇರೆ ಇದ್ರೆ, ಆ ಭಾಗದ ಆಯಸ್ಸನ್ನ ಬೇರೆಯಾಗೇ ಲೆಕ್ಕ ಹಾಕು ಅನ್ನುತ್ತೆ. ಒಂದು ಮೆಷಿನ್‌ನ ಎಲ್ಲಾ ಭಾಗ ಒಟ್ಟಿಗೆ ಸಾಯಲ್ಲ ಅಂತ ಕಾನೂನಿಗೇ ಗೊತ್ತು. ನಮಗೆ ಮಾರುವಾಗ ಮಾತ್ರ ಲಿವರ್, ಹೋಸ್, ಕ್ಯಾಲಿಪರ್ ಮೂರೂ ಒಂದೇ ದಿನ ಸತ್ತವು ಅಂತ ಬಿಲ್ ಬರುತ್ತೆ. ನಿಮ್ಮ ಸೆಟ್‌ನ ಬಿಲ್ಲನ್ನೂ ಒಂದು ಆಲಿವ್, ಒಂದು ಇನ್ಸರ್ಟ್, ಸ್ವಲ್ಪ ಎಣ್ಣೆಯ ಬೆಲೇನೂ ಅಕ್ಕಪಕ್ಕ ಇಟ್ಟು ನೋಡಿ. ಲೆಕ್ಕ ನಾನು ಹೇಳೋದು ಬೇಕಿಲ್ಲ.

ಅಂಗಡಿಯಲ್ಲಿ ಕೆಲಸ ಮಾಡೋ ಅಣ್ಣಂದಿರ ಮೇಲೆ ನನ್ನ ಕೋಪ ಇಲ್ಲ. ಸೀಲ್ ಸಪ್ಲೈ ಆಗದೆ ಇದ್ರೆ ಅವರು ಎಲ್ಲಿಂದ ತರಬೇಕು? ಒಂದು ಗಂಟೆ ಲೀಕ್ ಹುಡುಕಿದ್ರೆ ಆ ಗಂಟೆಗೆ ಕೂಲಿ ಕೊಡೋಕೆ ನಾವೇ ಮುಖ ಸಿಂಡರಿಸ್ತೀವಿ. ಸೆಟ್ ಮಾರಿದ್ರೆ ಮಾರ್ಜಿನ್ ಸಿಗುತ್ತೆ. ವ್ಯವಸ್ಥೆ ಅವರನ್ನ ಆ ಕಡೆ ತಳ್ಳಿದೆ.

ಭಾಗ 7/7

“ಬ್ರೇಕ್ ಅಂದ್ರೆ ಜೀವದ ಪ್ರಶ್ನೆ, ಮನೇಲಿ ಮುಟ್ಬಾರ್ದು” ಅಂತ ಕಾಮೆಂಟ್ ಬಂದೇ ಬರುತ್ತೆ. ಮೊದಲ ಅರ್ಧ ಒಪ್ಪಿದೆ. ಚಾಮುಂಡಿ ಬೆಟ್ಟವೋ ನಂದಿ ಬೆಟ್ಟವೋ ಇಳಿಯುವಾಗ ತಿರುವಿನಲ್ಲಿ ಲಿವರ್ ಹ್ಯಾಂಡಲ್‌ಗೆ ಅಂಟಿದ್ರೆ ಯಾವ ವಾದವೂ ಉಳಿಯಲ್ಲ.

ಆದ್ರೆ ಅದಕ್ಕೇ ನಾವು ಕಲಿಬೇಕು ಅಂತೀನಿ. ಬೆಟ್ಟದ ಮೇಲೆ ಲಿವರ್ ಮೆತ್ತಗಾದಾಗ ನಿಮ್ಮ ಜೊತೆ ಮೆಕ್ಯಾನಿಕ್ ಇರಲ್ಲ. ಒಳಗೆ ಏನಿದೆ ಅಂತ ಗೊತ್ತಿರೋನು ಅಲ್ಲೇ ಇಳಿದು ತಳ್ಕೊಂಡು ಬರ್ತಾನೆ. ಗೊತ್ತಿಲ್ಲದೋನು ‘ನೋಡೋಣ’ ಅಂತ ಇಳೀತಾನೆ.

ಮನೆ ರಿಪೇರಿಗೂ ನಿಯಮ ಇರಲಿ. ಕೆಲಸ ಮುಗಿದ್ಮೇಲೆ ಅದೇ ಟಿಶ್ಯೂ ಟೆಸ್ಟ್ ಮತ್ತೆ ಮಾಡಿ, ಇಡೀ ರಾತ್ರಿ. ಆಮೇಲೆ ಸಮತಟ್ಟು ರಸ್ತೇಲಿ ನಿಧಾನಕ್ಕೆ ಇಪ್ಪತ್ತು ಸಲ ಹಿಡಿದು ಬಿಟ್ಟು ಹೊಸ ಪ್ಯಾಡ್ ಪಳಗಿಸಿ. ಮೊದಲ ದಿನ ಬೆಟ್ಟ ಬೇಡ. ಲೀಕ್ 3 ಅಥವಾ 4ನೇ ಜಾಗದಲ್ಲಿದ್ದು ಸೀಲ್ ಸಿಗದಿದ್ರೆ ಓಡಿಸಬೇಡಿ. ಆಗಲೂ ಇಡೀ ಸೆಟ್ ಯಾಕೆ? ಕ್ಯಾಲಿಪರ್ ಸೋರಿದ್ರೆ ಕ್ಯಾಲಿಪರ್ ಮಾತ್ರ ಕೇಳಿ, ಲಿವರ್ ಸೋರಿದ್ರೆ ಲಿವರ್ ಮಾತ್ರ ಕೇಳಿ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಚೌಕಟ್ಟು ಮಾಡೋಕೆ ಸಮಿತಿ ರಚಿಸಿತು. ಅದು ಗುರುತಿಸಿದ ವಲಯಗಳು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ಆಟೋಮೊಬೈಲ್. ಸೈಕಲ್ ಅನ್ನೋ ಹೆಸರು ಆ ಪಟ್ಟಿಯಲ್ಲಿಲ್ಲ. ನಾವು ಕೇಳದೆ ಅದು ಸೇರೋದೂ ಇಲ್ಲ.

ಹಾಗಾಗಿ ಮುಂದಿನ ಸಲ ಯಾರಾದ್ರೂ ‘ಸೆಟ್ಟೇ ಚೇಂಜ್ ಮಾಡ್ಸಿ’ ಅಂದ್ರೆ ಮೂರೇ ಪ್ರಶ್ನೆ ಕೇಳಿ. ಎಲ್ಲಿಂದ ಸೋರ್ತಿದೆ, ತೋರಿಸಿ. ಆ ಭಾಗ ಬಿಡಿಯಾಗಿ ಸಿಗುತ್ತಾ? ಸಿಗಲ್ಲ ಅಂದ್ರೆ, ಯಾಕೆ?

ಹೊಸ ಸೈಕಲ್ ತಗೊಳ್ಳೋಕೆ ಹೊರಟಿರೋರು ಈ ಎರಡನೇ ಪ್ರಶ್ನೆನ ದುಡ್ಡು ಕೊಡೋಕೆ ಮುಂಚೆ ಕೇಳಿ. ಗೇರ್ ಎಷ್ಟು, ಬಣ್ಣ ಯಾವುದು ಅನ್ನೋದೆಲ್ಲಾ ಆಮೇಲೆ.

ನಿಮ್ಮ ಬ್ರೇಕ್ ಯಾವ ಮಾದರಿ, ಎಲ್ಲಿಂದ ಸೋರಿತು, ಅಂಗಡಿಯವರು ಏನಂದ್ರು ಅಂತ ಕಾಮೆಂಟ್‌ನಲ್ಲಿ ಬರೀರಿ. ಅಂಗಡಿ ಹೆಸರು ಬೇಡ, ಭಾಗದ ಹೆಸರು ಸಾಕು. ಯಾವ ಬ್ರೇಕ್‌ಗೆ ಯಾವ ಭಾಗ ಸಿಗಲ್ಲ ಅನ್ನೋ ಪಟ್ಟಿ ನಾವೇ ಮಾಡೋಣ.

#ರಿಪೇರಿನಮ್ಮಹಕ್ಕು #ಎಂಟಿಬಿಕನ್ನಡ #ಸೈಕಲ್‌ಸವಾರಿ #ಸೀಲ್‌ಕೊಡಿಸೆಟ್‌ಬೇಡ